ಬಂದೂಕು ತೋರಿಸಿ ಎಂದು ಬಂದಾಗ

2022ರ ಜನವರಿ. ಕಣದಲ್ಲಿ ತೊಗರಿಯ ರಾಶಿ ನಡೆದಿತ್ತು. ಮೈತುಂಬ ಹೊಟ್ಟು ಮೆತ್ತಿಕೊಂಡು ನಿಂತಿದ್ದಾಗ ಮಗನ ಫೋನ್ ಬಂತು. ‘ಅವ್ವ, ಠಾಣೆಯಿಂದ ಇಬ್ಬರು ಬಂದಿದ್ದಾರೆ. ತಾತನ ಬಂದೂಕು ನೋಡಬೇಕಂತೆ. ತಂದು ಕೊಡಲೇ?’

‘ಮುಟ್ಟಬೇಡ. ಅವರಿಗೆ ಕುರ್ಚಿ ಹಾಕಿ ಚಹಾ ಕೊಡು. ನಾನು ಬರುತ್ತೇನೆ’ ಎಂದೆ.

ಆ ದಿನ ನಾನು ಸರಿಯಾಗಿ ಮಾಡಿದ ಕೆಲಸ ಇದೊಂದೇ. ಉಳಿದದ್ದರಲ್ಲೆಲ್ಲ ಎಡವಿದೆ. ಎಡವಿದ್ದರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಚಿಂಚೋಳಿ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ನಮ್ಮ ಹಾಗೆ ಬೆಳೆ ರಕ್ಷಣೆಗೆಂದು ಬಂದೂಕು ಇಟ್ಟುಕೊಂಡ ಮನೆಗಳು ಇನ್ನೂ ಇವೆ. ಬಹಳ ಮನೆಗಳಲ್ಲಿ ಬಂದೂಕು ಗೋಡೆಯ ಗೂಟದ ಮೇಲೆ, ಲೈಸೆನ್ಸ್ ಹೊಲದ ಪಹಣಿಗಳ ಜೊತೆ ಟ್ರಂಕಿನ ತಳದಲ್ಲಿ.

ಮೊದಲು ಒಂದು ಭ್ರಮೆಯನ್ನು ಬಿಡಿಸಿಬಿಡುತ್ತೇನೆ. ನಮ್ಮ ಕಡೆ ಬಂದೂಕಿನ ಲೈಸೆನ್ಸ್ ಇದ್ದವನಿಗೆ ‘ಶಿಕಾರಿ’ ಎನ್ನುತ್ತಾರೆ. ಹಾಗೆಂದು ಕರೆಸಿಕೊಂಡು ಮೀಸೆ ತಿರುವಿದವರೂ ಇದ್ದಾರೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ಬಂದ ಮೇಲೆ ಶಿಕಾರಿಗೆ ಲೈಸೆನ್ಸ್ ಎಂಬುದು ಉಳಿದಿಲ್ಲ. ಬಂದೂಕಿನ ಲೈಸೆನ್ಸ್ 1959ರ ಆಯುಧ ಕಾಯ್ದೆಯದು, ಅದು ಬಂದೂಕು ಇಟ್ಟುಕೊಳ್ಳಲು ಕೊಟ್ಟ ಒಪ್ಪಿಗೆ ಮಾತ್ರ. ಹೊಲಕ್ಕೆ ನುಗ್ಗಿದ ಕಾಡುಹಂದಿಯನ್ನು ಹೊಡೆಯಬೇಕಾದರೂ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಕಾರಣ ಬರೆದು ಲಿಖಿತವಾಗಿ ಅನುಮತಿ ಕೊಟ್ಟಿರಬೇಕು. ಅದು ಬೇರೆ ಕಾಗದ, ಬೇರೆ ಇಲಾಖೆ. ಕೃಷ್ಣಮೃಗದ ಮಾತನ್ನಂತೂ ಎತ್ತಲೇಬೇಡಿ, ಅದು ಕಾಯ್ದೆಯ ಮೊದಲನೆಯ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯ ಪ್ರಾಣಿ. ಗುಂಡು ಹಾರಿ ಪ್ರಾಣಿ ಸತ್ತರೆ ಮಾತ್ರ ಬೇಟೆ ಎಂದೂ ತಿಳಿಯಬಾರದು. ಉರುಳು ಹಾಕುವುದು, ಬಲೆ ಕಟ್ಟುವುದು, ಅಟ್ಟುವುದು, ಆಮಿಷ ಇಡುವುದು, ಇವುಗಳಿಗೆ ಪ್ರಯತ್ನಿಸುವುದು ಎಲ್ಲವೂ ಕಾಯ್ದೆಯ ಕಣ್ಣಿನಲ್ಲಿ ಬೇಟೆಯೇ. ಮೈಮೇಲೆ ಬಂದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದರೆ ಅಪರಾಧವಲ್ಲ, ನಿಜ. ಆದರೆ ಆ ಹೊತ್ತಿನಲ್ಲಿ ನೀವೇ ಕಾಯ್ದೆ ಮುರಿಯುತ್ತಿದ್ದರೆ ಆ ರಕ್ಷಣೆ ಸಿಗುವುದಿಲ್ಲ. ಸತ್ತ ಪ್ರಾಣಿ ಸರ್ಕಾರದ್ದು.

ತಪಾಸಣೆಗೆ ಬಂದವರು ಕೇಳುವ ಪ್ರಶ್ನೆಗಳ ಹಿಂದೆ ಯಾವಾಗಲೂ ಈ ಎರಡೂ ಕಾಯ್ದೆಗಳಿರುತ್ತವೆ. ಕೇಳುವವರು ಒಬ್ಬರೇ ಇರಬಹುದು.

ಕೀಲಿ ಯಾರ ಬಳಿ

ಮಗನಿಗೆ ಮುಟ್ಟಬೇಡ ಎಂದದ್ದು ಹೆದರಿಕೆಯಿಂದಲ್ಲ. ಲೈಸೆನ್ಸ್ ನನ್ನ ಹೆಸರಿನಲ್ಲಿದೆ. ನನ್ನ ಎದುರಿಗೆ, ನಾನು ಬಳಸುವುದಕ್ಕೆಂದು ಬೇರೆಯವರು ಬಂದೂಕು ಎತ್ತಿಕೊಂಡು ಬರಬಹುದು. ದುರಸ್ತಿಗೋ ನವೀಕರಣಕ್ಕೋ ಒಯ್ಯುವುದಾದರೆ ನಾನು ಬರೆದುಕೊಟ್ಟ ಒಪ್ಪಿಗೆ ಚೀಟಿ ಸಾಕು. ಇವೆರಡೂ ಇಲ್ಲದೆ ಮನೆಯ ಇನ್ನೊಬ್ಬರು ತೆಗೆದು ಕೊಟ್ಟರೆ ‘ನಿನ್ನ ಕೈಗೆ ಹೇಗೆ ಬಂತು’ ಎಂಬ ಪ್ರಶ್ನೆ ಅಲ್ಲಿಯೇ ಹುಟ್ಟುತ್ತದೆ. ಅದೂ ಅಲ್ಲದೆ ಮಗನಿಗೆ ಆಗ ಹದಿನಾರು, ಲೈಸೆನ್ಸಿಗೆ ಇಪ್ಪತ್ತೊಂದು ತುಂಬಿರಬೇಕು.

ಆದ್ದರಿಂದ ಬಂದೂಕು ಕಬ್ಬಿಣದ ಕಪಾಟಿನಲ್ಲಿರಲಿ, ಕೀಲಿ ಲೈಸೆನ್ಸುದಾರರ ಬಳಿಯೇ ಇರಲಿ. ತೋಟಾಗಳನ್ನು ಬೇರೆ ಡಬ್ಬಿಯಲ್ಲಿಡಿ. ಮನೆಗೆ ಬಂದವರು ಗೋಡೆಯ ಮೇಲಿನ ಬಂದೂಕು ನೋಡಿ ಹುಬ್ಬೇರಿಸುವ ಕಾಲ ಅಪ್ಪನದು, ಮುಗಿಯಿತು.

ಯಾರು ಕೇಳಬಹುದು

ಬಂದೂಕು ಹಿಡಿದು ಹೊರಗೆ ಹೊರಟಿದ್ದರೆ ಯಾವ ಪೊಲೀಸ್ ಅಧಿಕಾರಿಯಾದರೂ ಲೈಸೆನ್ಸ್ ಕೇಳಬಹುದು. ‘ನೀವು ಪೇದೆ, ಸಾಹೇಬರು ಬರಲಿ’ ಎಂಬ ವಾದ ನಡೆಯುವುದಿಲ್ಲ. ನಮ್ಮೂರಿನ ಒಬ್ಬರು ಹಾಗೆ ವಾದ ಮಾಡಿ ಅರ್ಧ ದಿನ ಠಾಣೆಯ ಬೆಂಚಿನ ಮೇಲೆ ಕಳೆದಿದ್ದಾರೆ. ಆಯುಧ ಕಾಯ್ದೆಯ 19ನೇ ಕಲಮು ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತದೆ: ಲೈಸೆನ್ಸ್ ತೋರಿಸದಿದ್ದರೆ ಹೆಸರು, ವಿಳಾಸ ಕೇಳುತ್ತಾರೆ, ಅಗತ್ಯ ಕಂಡರೆ ಬಂದೂಕು ವಶಕ್ಕೆ ತೆಗೆದುಕೊಳ್ಳುತ್ತಾರೆ. ಹೆಸರು ಹೇಳಲು ಒಲ್ಲೆ ಎಂದರೆ, ಸುಳ್ಳು ಹೇಳಿದ್ದೀರಿ ಅಥವಾ ಓಡಿಹೋಗುತ್ತೀರಿ ಎಂಬ ಅನುಮಾನ ಬಂದರೆ, ವಾರಂಟ್ ಇಲ್ಲದೆಯೇ ಬಂಧಿಸಬಹುದು. ಕಾಗದ ಮರೆತು ಹೋಗಿದ್ದರೂ ನಿಜವಾದ ಹೆಸರು, ಊರು ನೇರವಾಗಿ ಹೇಳಿಬಿಡಿ. ಮೊದಲ ಮೆಟ್ಟಿಲಲ್ಲೇ ವಿಷಯ ನಿಂತೀತು.

ಮನೆಯಲ್ಲಿಟ್ಟ ಬಂದೂಕಿನ ಲೆಕ್ಕ ಬೇರೆ. ಲೈಸೆನ್ಸಿನ ಹಿಂದೆ ಸಣ್ಣ ಅಕ್ಷರದಲ್ಲಿ ಷರತ್ತುಗಳಿರುತ್ತವೆ, ಅಪ್ಪ ನಲವತ್ತು ವರ್ಷದಲ್ಲಿ ಒಮ್ಮೆಯೂ ಓದದ ಅಕ್ಷರಗಳು. ಬಂದೂಕು ಇನ್ನೂ ನಿಮ್ಮ ಬಳಿಯೇ ಇದೆಯೇ ಎಂದು ಲೈಸೆನ್ಸ್ ಕೊಟ್ಟ ಪ್ರಾಧಿಕಾರ ಯಾವಾಗ ಬೇಕಾದರೂ ವಿಚಾರಿಸಬಹುದು, ತಂದು ತೋರಿಸಿ ಎನ್ನಬಹುದು ಎಂಬುದು ಅವುಗಳಲ್ಲೊಂದು. ನಮಗೆ ಆ ಪ್ರಾಧಿಕಾರವೆಂದರೆ ಜಿಲ್ಲಾ ದಂಡಾಧಿಕಾರಿ, ಅಂದರೆ ಕಲಬುರಗಿಯ ಜಿಲ್ಲಾಧಿಕಾರಿ. ಅವರ ಪರವಾಗಿ ಬಂದು ನೋಡುವುದು ಠಾಣೆಯವರು. ಷರತ್ತು ಮುರಿದರೆ ಆರು ತಿಂಗಳವರೆಗೆ ಸಜೆ ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಎರಡು ಸಾವಿರವೇ ಎಂದು ನಗಬೇಡಿ. ಅದರ ಹಿಂದೆಯೇ ಲೈಸೆನ್ಸ್ ಅಮಾನತು ಅಥವಾ ರದ್ದತಿ ಬಂದರೆ ಬಂದೂಕು ಕೈಬಿಟ್ಟಿತು.

ಬಂದವರ ಕೈಗೆ ಬಂದೂಕು ಕೊಡುವುದಕ್ಕೂ ಒಂದು ರೀತಿ ಇದೆ. ಕಪಾಟು ತೆರೆಯುವ ಮೊದಲೇ ‘ತೆಗೆಯುತ್ತಿದ್ದೇನೆ’ ಎಂದು ಬಾಯಿಬಿಟ್ಟು ಹೇಳಿ. ನಳಿಗೆಯ ಬಾಯಿ ನೆಲದ ಕಡೆಗೆ, ಬೆರಳು ಕುದುರೆಯಿಂದ (ಟ್ರಿಗರ್) ದೂರ. ನನ್ನದು 12 ಬೋರಿನ ಒಂಟಿ ನಳಿಗೆ. ಅದನ್ನು ಮಧ್ಯದ ಕೀಲಿನಲ್ಲಿ ಮಡಚಿ ತೆರೆದು, ಖಾಲಿ ಇರುವುದನ್ನು ಅವರ ಕಣ್ಣಿಗೇ ತೋರಿಸಿ, ಆಮೇಲೆ ಹಿಡಿಯ ಕಡೆಯಿಂದ ಕೊಡುತ್ತೇನೆ. ‘ಗುಂಡು ತುಂಬಿಲ್ಲ’ ಎಂದು ಬಾಯಿಂದ ಹೇಳಿ ಮುಗಿಸಬೇಡಿ. ತುಂಬಿಲ್ಲ ಎಂದುಕೊಂಡ ಬಂದೂಕುಗಳೇ ನಮ್ಮ ಕಡೆ ಹೆಚ್ಚು ಜನರನ್ನು ಕೊಂದಿವೆ ಎಂದು ಅಪ್ಪ ಹೇಳುತ್ತಿದ್ದರು. ಲೆಕ್ಕ ಎಲ್ಲಿಂದ ತಂದಿದ್ದರೋ ಗೊತ್ತಿಲ್ಲ, ಎಚ್ಚರಿಕೆಯಂತೂ ಸರಿ.

ಮೂರು ಮತ್ತು ಎಂಟು

ಈಗ ನಾನು ಎಡವಿದ ಕಡೆಗೆ ಬರುತ್ತೇನೆ.

ಅಪ್ಪ ತೀರಿಕೊಂಡದ್ದು 2019ರ ಮಳೆಗಾಲದಲ್ಲಿ. ಲೈಸೆನ್ಸುದಾರ ಸತ್ತ ದಿನದಿಂದಲೇ ಆ ಮನೆಯಲ್ಲಿ ಬಂದೂಕು ಇರುವುದು ಕಾನೂನಿಗೆ ಸಲ್ಲದು. ವಿನಾಕಾರಣ ತಡಮಾಡದೆ ಹತ್ತಿರದ ಠಾಣೆಯಲ್ಲೋ ಅಧಿಕೃತ ವ್ಯಾಪಾರಿಯ ಬಳಿಯೋ ಠೇವಣಿ ಇಡಬೇಕು. ಅಪ್ಪನ ದಿವಸದ ಕಾರ್ಯ ಮುಗಿಯುವ ಮೊದಲೇ ತಮ್ಮ ಹೋಗಿ ಇಟ್ಟು ಬಂದ. ವಾರಸುದಾರರಿಗೆ ಲೈಸೆನ್ಸ್ ಕೊಡಲು ಅವಕಾಶವಿದೆ ಎಂದು ತಿಳಿದು ನಾನು ಅರ್ಜಿ ಹಾಕಿದೆ. (ಹಿರಿಯರು ಬದುಕಿರುವಾಗಲೇ ವರ್ಗ ಮಾಡಿಸಬಹುದು, ಅವರಿಗೆ ಎಪ್ಪತ್ತು ತುಂಬಿದಾಗ ಅಥವಾ ಬಂದೂಕು ಅವರ ಬಳಿ ಇಪ್ಪತ್ತೈದು ವರ್ಷ ಇದ್ದಾಗ. ಇದು ಮೊದಲೇ ಗೊತ್ತಿದ್ದರೆ ಎಷ್ಟೋ ಓಡಾಟ ತಪ್ಪುತ್ತಿತ್ತು.) ಸುರಕ್ಷತೆಯ ತರಬೇತಿ, ಪೊಲೀಸ್ ವರದಿ ಎಲ್ಲ ಮುಗಿದು 2020ರ ಕೊನೆಗೆ ಲೈಸೆನ್ಸ್ ಕೈಗೆ ಬಂತು. ಸಂತೋಷದಲ್ಲಿ ಫೋಟೊ ನೋಡಿದೆ, ಹೆಸರು ನೋಡಿದೆ, ಊರು ನೋಡಿದೆ. ಬಂದೂಕಿನ ಸಂಖ್ಯೆ ನೋಡಲಿಲ್ಲ.

ಆ ಜನವರಿಯ ದಿನ ಠಾಣೆಯವರು ಅಂಗಳದ ಬಿಸಿಲಿನಲ್ಲಿ ಬಂದೂಕು ತಿರುಗಿಸಿ ಸಂಖ್ಯೆ ಓದಿದರು. ಲೈಸೆನ್ಸಿನಲ್ಲಿ 3 ಇದ್ದಲ್ಲಿ ಲೋಹದ ಮೇಲೆ 8 ಇತ್ತು. ನಕಲು ಮಾಡುವಾಗ ಯಾವುದೋ ಮೇಜಿನ ಮೇಲೆ ಆದ ತಪ್ಪು. ಆದರೆ ತಪಾಸಣೆಗೆ ಬಂದವರ ಮಟ್ಟಿಗೆ ಅರ್ಥ ಒಂದೇ: ಲೈಸೆನ್ಸ್ ಇರುವ ಬಂದೂಕು ಇಲ್ಲಿಲ್ಲ, ಇಲ್ಲಿರುವ ಬಂದೂಕಿಗೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದ ಬಂದೂಕಿಗೆ 2019ರ ತಿದ್ದುಪಡಿಯ ನಂತರ ಎರಡರಿಂದ ಐದು ವರ್ಷ ಸಜೆ. ನನ್ನ ಕೈಕಾಲು ತಣ್ಣಗಾದವು.

ಬಂದಿದ್ದ ಇಬ್ಬರಲ್ಲಿ ಹಿರಿಯರು ಸಮಾಧಾನದವರು. ಅಪ್ಪನ ಹಳೆಯ ಲೈಸೆನ್ಸ್ ಪುಸ್ತಕ ಕೇಳಿದರು. ಪುಣ್ಯಕ್ಕೆ ನಾನು ಅದನ್ನು ಎಸೆದಿರಲಿಲ್ಲ, ಅದರಲ್ಲಿ 8 ಸ್ಪಷ್ಟವಾಗಿತ್ತು. ಠೇವಣಿಯ ರಸೀದಿಯಲ್ಲಿಯೂ 8. ಬಂದೂಕನ್ನು ಠಾಣೆಗೆ ತೆಗೆದುಕೊಂಡು ಹೋದರು, ರಸೀದಿ ಕೊಟ್ಟರು, ತಿದ್ದಿಸಿಕೊಂಡು ಬನ್ನಿ ಎಂದರು. ಒಂದು ಅಂಕಿಗಾಗಿ ಮೂರು ಸಲ ಕಲಬುರಗಿಗೆ ಹೋದೆ. ಮೂರನೆಯ ಸಲ ಕಚೇರಿಯವರು ತಪ್ಪು ನನ್ನದೇ ಎಂಬಂತೆ ಮುಖ ಮಾಡಿ ತಿದ್ದಿ ಕೊಟ್ಟರು. ಆ ಮುಖ ಈಗಲೂ ನೆನಪಿದೆ.

ಇದರ ನಡುವೆ ನಮ್ಮ ತಮ್ಮನ ಮಗ ಒಂದು ಉಪಾಯ ಹೇಳಿದ್ದ: ಉಪ್ಪುಕಾಗದದಿಂದ ಸ್ವಲ್ಪ ತಿಕ್ಕಿದರೆ 8 ಹೋಗಿ 3 ಆಗುತ್ತದೆಯಲ್ಲ! ನಗುತ್ತಲೇ ಹೇಳಿದ. ನಗುವ ವಿಷಯವಲ್ಲ. ಬಂದೂಕಿನ ಗುರುತಿನ ಸಂಖ್ಯೆಯನ್ನು ಅಳಿಸುವುದು, ತಿದ್ದುವುದು ತಾನೇ ಒಂದು ಅಪರಾಧ. ಅಷ್ಟೇ ಅಲ್ಲ, ಸಂಖ್ಯೆ ಅಳಿಸಿಹೋದ ಬಂದೂಕು ಯಾರ ಬಳಿ ಸಿಕ್ಕಿತೋ ಅವರೇ ಅಳಿಸಿದ್ದಾರೆ ಎಂದು ಕಾನೂನು ಮೊದಲೇ ಭಾವಿಸುತ್ತದೆ. ಅಲ್ಲ ಎಂದು ತೋರಿಸುವ ಹೊರೆ ನಿಮ್ಮದು. ತುಕ್ಕಿನಿಂದ ಅಂಕಿ ಕಾಣದಿದ್ದರೂ ಉಪ್ಪುಕಾಗದ, ಅರ ಮುಟ್ಟಿಸಬೇಡಿ. ಮೆತ್ತನೆಯ ಬಟ್ಟೆಗೆ ಬಂದೂಕಿನ ಎಣ್ಣೆ ಹಾಕಿ ಒರೆಸಿ, ಆಮೇಲೆ ಸೀಮೆಸುಣ್ಣ ಸವರಿ ಬೆಳಕಿಗೆ ಓರೆಯಾಗಿ ಹಿಡಿಯಿರಿ, ಅಂಕಿ ಮೇಲೆದ್ದು ಕಾಣುತ್ತದೆ. ಅದರಿಂದಲೂ ಆಗದಿದ್ದರೆ ಲೈಸೆನ್ಸ್ ಇರುವ ದುರಸ್ತಿಗಾರರ ಬಳಿಗೇ ಒಯ್ಯಿರಿ. ನಳಿಗೆ ಕತ್ತರಿಸಿ ಗಿಡ್ಡ ಮಾಡಿಕೊಳ್ಳುವ ಹುಚ್ಚು ಕೆಲವರಿಗಿದೆ, ಅದಕ್ಕೂ ಇದೇ ಗತಿ.

ಅಂದಿನಿಂದ ಪ್ರತಿ ದೀಪಾವಳಿಗೆ ಒಂದು ಕೆಲಸ ಮಾಡುತ್ತೇನೆ. ಲೈಸೆನ್ಸ್ ಎದುರಿಗಿಟ್ಟುಕೊಂಡು ಮಗನಿಗೆ ಅಂಕಿಗಳನ್ನು ಜೋರಾಗಿ ಓದಲು ಹೇಳುತ್ತೇನೆ, ನಾನು ಬಂದೂಕಿನ ಮೇಲೆ ಬೆರಳಿಟ್ಟು ಒಂದೊಂದನ್ನೇ ಹೋಲಿಸುತ್ತೇನೆ. ಬಂದೂಕಿನ ಸಂಖ್ಯೆ, ಬೋರು, ವಿಳಾಸ, ಲೈಸೆನ್ಸಿನ ವಿಶಿಷ್ಟ ಗುರುತಿನ ಸಂಖ್ಯೆ, ಮುಗಿಯುವ ದಿನಾಂಕ. ದಿನಾಂಕದ ಬಗ್ಗೆ ಬಾಯಿಮಾತು ನಂಬಬೇಡಿ. ಹಿಂದೆ ಮೂರು ವರ್ಷಕ್ಕೊಮ್ಮೆ ನವೀಕರಣ, 2019ರ ತಿದ್ದುಪಡಿಯ ನಂತರ ಐದು ವರ್ಷ. ನಿಮ್ಮ ಕಾಗದದ ಮೇಲೆ ಯಾವ ದಿನಾಂಕವಿದೆಯೋ ಅದೇ ಮಾತು. ನಾನು ಮೂರು ತಿಂಗಳು ಮೊದಲೇ ಅರ್ಜಿ ಕೊಟ್ಟು, ಸ್ವೀಕೃತಿಯನ್ನು ಲೈಸೆನ್ಸಿನೊಳಗೇ ಮಡಚಿಡುತ್ತೇನೆ.

ತೋಟಾಗಳ ಲೆಕ್ಕವನ್ನೂ ಕೇಳುತ್ತಾರೆ. ಒಮ್ಮೆಗೆ ಎಷ್ಟು ಇರಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದು ಲೈಸೆನ್ಸಿನಲ್ಲೇ ಇದೆ. ಕೊಂಡಾಗ ವ್ಯಾಪಾರಿಯಿಂದ ಅದರಲ್ಲಿ ನಮೂದು ಮಾಡಿಸಿ, ಬಿಲ್ಲು ಇಟ್ಟುಕೊಳ್ಳಿ. ನನ್ನದೊಂದು ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಇದೆ: ಯಾವ ರಾತ್ರಿ, ಯಾವ ಹೊಲದಲ್ಲಿ, ಗಾಳಿಗೆ ಎಷ್ಟು ಗುಂಡು. ಖಾಲಿ ತೋಟಾಗಳು ಡಾಲ್ಡಾ ಡಬ್ಬಿಯಲ್ಲಿ. ಮದುವೆಯ ಮೆರವಣಿಗೆಗೆ ಒಂದೆರಡು ಹಾರಿಸಿ ಎಂದು ಕೇಳುವ ಬೀಗರಿಗೆ ಆ ನೋಟ್‌ಬುಕ್ಕನ್ನೇ ತೋರಿಸುತ್ತೇನೆ. ಸಂಭ್ರಮಕ್ಕೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಈಗ ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಬಂದೂಕೋ ತೋಟಾವೋ ಕಳೆದುಹೋದರೆ ಅಂದೇ ಠಾಣೆಗೆ ತಿಳಿಸಿ. ಸಿಕ್ಕೀತು ಎಂದು ವಾರ ಕಾಯಬೇಡಿ.

ಕಾಡಿನವರು ಬಂದಾಗ

ನಮ್ಮ ಕಡೆಯವರಿಗೆ ಮಾತ್ರ ಇರುವ ಒಂದು ತೊಡಕನ್ನು ಹೇಳಲೇಬೇಕು. 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮ ಘೋಷಣೆಯಾಯಿತು, 134.88 ಚದರ ಕಿಲೋಮೀಟರ್. ತೋಳ, ಕತ್ತೆಕಿರುಬ, ಕೊಂಡಕುರಿ ಇರುವ ಎಲೆಯುದುರುವ ಕಾಡು. ವನ್ಯಜೀವಿಧಾಮದ ಒಳಗೆ ಅಥವಾ ಹತ್ತು ಕಿಲೋಮೀಟರ್ ಒಳಗಿನ ಊರಿನಲ್ಲಿ ಬಂದೂಕಿನ ಲೈಸೆನ್ಸ್ ಇರುವವರು ಘೋಷಣೆಯಾದ ಮೂರು ತಿಂಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ಅಥವಾ ಅವರು ಅಧಿಕಾರ ಕೊಟ್ಟವರಲ್ಲಿ ತಮ್ಮ ಹೆಸರು ನೋಂದಾಯಿಸಲು ಅರ್ಜಿ ಹಾಕಬೇಕು ಎಂದು ವನ್ಯಜೀವಿ ಕಾಯ್ದೆಯ 34ನೇ ಕಲಮು ಹೇಳುತ್ತದೆ. ಆ ಹತ್ತು ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸ್ ಕೊಡಬೇಕಾದರೂ ಮುಖ್ಯ ಪರಿಪಾಲಕರ ಒಪ್ಪಿಗೆ ಮೊದಲು ಬೇಕು. ಅಪ್ಪನಿಗೆ ಇದು ಗೊತ್ತೇ ಇರಲಿಲ್ಲ. ನನ್ನ ಅರ್ಜಿ ಕಲಬುರಗಿಯಲ್ಲಿ ತಿಂಗಳುಗಟ್ಟಲೆ ಕೂತಿದ್ದಕ್ಕೆ ಅರ್ಧ ಕಾರಣ ಇದೇ ಎಂದು ಆಮೇಲೆ ತಿಳಿಯಿತು. ನಿಮ್ಮ ಮನೆಯ ನೋಂದಣಿ ಆಗಿದೆಯೋ ಇಲ್ಲವೋ, ವಲಯ ಅರಣ್ಯ ಕಚೇರಿಯಲ್ಲಿ ನೀವಾಗಿಯೇ ಹೋಗಿ ಕೇಳಿ. ಅವರು ಬಂದು ಕೇಳುವುದಕ್ಕಿಂತ ಅದು ಹಗುರ.

ಇನ್ನೊಂದು ಇದೆ. ಲಿಖಿತ ಅನುಮತಿ ಇಲ್ಲದೆ ಯಾವ ಆಯುಧದ ಜೊತೆಗೂ ವನ್ಯಜೀವಿಧಾಮದೊಳಗೆ ಕಾಲಿಡುವಂತಿಲ್ಲ, ಲೈಸೆನ್ಸ್ ಜೇಬಿನಲ್ಲಿದ್ದರೂ ಸರಿ. ಕುಂಚಾವರಂ ಕಡೆಯ ರಸ್ತೆ ಕಾಡಿನ ನಡುವೆಯೇ ಹಾಯುತ್ತದೆ. ಠಾಣೆಗೆ ಬಂದೂಕು ತೋರಿಸಲು ಹೊರಟವರು ದಾರಿಯಲ್ಲಿ ಅರಣ್ಯದವರ ಕೈಗೆ ಸಿಕ್ಕರೆ ಏನು ಹೇಳುತ್ತೀರಿ? ಆ ದಾರಿ ಹಿಡಿಯಬೇಕಾದವರು ಮೊದಲು ವಲಯ ಕಚೇರಿಯ ಮೂಲಕ ಅನುಮತಿ ಪತ್ರ ಪಡೆಯಿರಿ, ಅಥವಾ ಸುತ್ತಾದರೂ ಬೇರೆ ದಾರಿ ಹಿಡಿಯಿರಿ. ಯಾವ ದಾರಿಯಾದರೂ ಬಂದೂಕು ಚೀಲದೊಳಗೆ ಪೂರ್ತಿ ಮುಚ್ಚಿರಬೇಕು. ಹೆಗಲಿಗೆ ನೇತುಹಾಕಿಕೊಂಡು ಬಸ್ ನಿಲ್ದಾಣದಲ್ಲಿ ನಿಲ್ಲುವುದು ಸಲ್ಲದು.

ಅರಣ್ಯದವರಿಗೆ ವನ್ಯಜೀವಿ ಅಪರಾಧ ನಡೆದಿದೆ ಎಂದು ನಂಬಲು ಸಕಾರಣವಿದ್ದರೆ ಮನೆ, ವಾಹನ ಶೋಧಿಸುವ, ಮಾಂಸ, ಚರ್ಮ, ಬಲೆ, ಆಯುಧ ವಶಪಡಿಸಿಕೊಳ್ಳುವ ಅಧಿಕಾರವಿದೆ. ಪೊಲೀಸರಲ್ಲಿ ಸಬ್ ಇನ್‌ಸ್ಪೆಕ್ಟರ್ ದರ್ಜೆಯಿಂದ ಮೇಲಿನವರಿಗೆ ಈ ಕಾಯ್ದೆಯಡಿ ಅದೇ ಅಧಿಕಾರ. ಅವರ ಕಣ್ಣು ಬಂದೂಕಿಗಿಂತ ಮೊದಲು ಹೋಗುವುದು ಬೇಲಿಯ ಕಡೆಗೆ. ಬದುವಿನಲ್ಲಿ ಯಾರೋ ಬಿಟ್ಟುಹೋದ ಬೈಕಿನ ಕ್ಲಚ್ ವೈರಿನ ಉರುಳು, ಕಂಬದಿಂದ ನೇರ ಕರೆಂಟು ಎಳೆದ ತಂತಿ, ಕೊಟ್ಟಿಗೆಯ ಮೂಲೆಯ ಹಳೆಯ ಬಲೆ. ‘ನಮ್ಮದಲ್ಲ’ ಎಂಬ ಮಾತು ನಿಜವೇ ಇದ್ದರೂ ಹೊಲ ನಿಮ್ಮದು. ಬಿತ್ತನೆಗೆ ಮೊದಲು ಬದುಗಳನ್ನು ಒಮ್ಮೆ ನಡೆದು ನೋಡಿ. ಉರುಳು ಸಿಕ್ಕರೆ ಇದ್ದಲ್ಲಿಯೇ ಫೋಟೊ ತೆಗೆದು ಗಸ್ತಿನ ಅರಣ್ಯ ರಕ್ಷಕರಿಗೆ ತಿಳಿಸಿ. ಮನೆಗೆ ತಂದಿಟ್ಟುಕೊಳ್ಳಬೇಡಿ.

ಕೊಡಬೇಕಾದದ್ದನ್ನು ಕೊಟ್ಟ ಮೇಲೆ ಕೇಳಬೇಕಾದದ್ದನ್ನು ಕೇಳಲು ನಾಚಬೇಡಿ. ಬಂದವರ ಹೆಸರು, ಹುದ್ದೆ ಕೇಳಿ. ಮನೆ ಶೋಧಕ್ಕೆ ಊರಿನ ಇಬ್ಬರು ಸಾಕ್ಷಿಗಳಿರಬೇಕು, ಹೆಂಗಸರ ಮೈಶೋಧ ಹೆಂಗಸರೇ ಮಾಡಬೇಕು, ವಶಪಡಿಸಿಕೊಂಡದ್ದರ ಪಟ್ಟಿಯ ನಕಲು ಮನೆಯವರಿಗೆ ಸಿಗಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಡಿ ಪೊಲೀಸರು ಶೋಧ, ಜಪ್ತಿಯನ್ನು ವಿಡಿಯೊ ಮಾಡಬೇಕು. ಪಂಚನಾಮೆಗೆ ಸಹಿ ಹಾಕುವ ಮೊದಲು ಓದಿ, ಬರದಿದ್ದರೆ ಓದಿಸಿಕೊಳ್ಳಿ. ಬಂದೂಕಿನ ಸಂಖ್ಯೆ ಸರಿ ಇದೆಯೇ ನೋಡಿ. ನಾನು ಈ ಮಾತು ಹೇಳಿದರೆ ಯಾಕೆಂದು ನಿಮಗೀಗ ಗೊತ್ತು.

ಚುನಾವಣೆಯ ಠೇವಣಿ

ಚುನಾವಣೆ ಘೋಷಣೆಯಾದರೆ ಬಂದೂಕು ಠಾಣೆಗೆ ಜಮಾ ಮಾಡಿ ಎಂಬ ಆದೇಶ ಬರುತ್ತದೆ. ಪ್ರತಿ ಸಲವೂ ಅಪ್ಪ ‘ಹಲಗಲಿಯವರು ಇದಕ್ಕೇ ಅಲ್ಲವೇ ಎದ್ದದ್ದು’ ಎಂದು ಗೊಣಗುತ್ತಿದ್ದರು. 1857ರಲ್ಲಿ ನಿಶ್ಶಸ್ತ್ರೀಕರಣದ ವಿರುದ್ಧ ಎದ್ದ ಹಲಗಲಿಯ ಬೇಡರಿಗೂ ನಮ್ಮ ಒಂಟಿ ನಳಿಗೆಗೂ ಎಲ್ಲಿಯ ಸಂಬಂಧ! ಗೊಣಗುತ್ತಲೇ ಮೊದಲ ದಿನವೇ ಹೋಗಿ ಇಟ್ಟು ಬರುತ್ತಿದ್ದರು.

2024ರ ಲೋಕಸಭಾ ಚುನಾವಣೆಗೆ ನಾನು ಇಟ್ಟು ಬಂದೆ. ಕಲಬುರಗಿಯಲ್ಲಿ ಮತದಾನ ಮೇ 7ಕ್ಕೆ. ಬಂದೂಕು ವಾಪಸ್ ತರಲು ಹೋದದ್ದು ಮುಂಗಾರು ಹಿಡಿದ ಮೇಲೆ. ನಳಿಗೆಯೊಳಗೆ ಕೆಂಪು ತುಕ್ಕು, ಹಿಡಿಗೆ ಒಂದು ಬಿರುಕು. ಮೊದಲು ಹೀಗಿರಲಿಲ್ಲ ಎಂದೆ. ಹೀಗೇ ಇತ್ತು ಎಂದರು. ನನ್ನ ಬಳಿ ಏನು ಪುರಾವೆ? ರಸೀದಿಯಲ್ಲಿ ‘ಬಂದೂಕು ಒಂದು’ ಎಂದಷ್ಟೇ ಇತ್ತು.

ಈಗ ಠೇವಣಿಗೆ ಒಯ್ಯುವ ಹಿಂದಿನ ದಿನ ನಳಿಗೆಯ ಒಳಗೆ ಹೊರಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ನಾಲ್ಕು ಕಡೆಯಿಂದ ಫೋಟೊ ತೆಗೆಯುತ್ತೇನೆ. ರಸೀದಿಯಲ್ಲಿ ಸಂಖ್ಯೆ, ಬೋರು, ‘ಸುಸ್ಥಿತಿಯಲ್ಲಿದೆ’ ಎಂಬ ಮಾತು, ದಿನಾಂಕ, ಮೊಹರು ಇರುವವರೆಗೆ ಕೌಂಟರಿನಿಂದ ಏಳುವುದಿಲ್ಲ. ತೋಟಾಗಳನ್ನೂ ಇಟ್ಟರೆ ಅವುಗಳ ಎಣಿಕೆಯನ್ನು ಬೇರೆಯಾಗಿ ಬರೆಸುತ್ತೇನೆ. ಸಂಖ್ಯೆ ಬರೆಯುವ ಹೊತ್ತಿಗೆ ನಾನೇ ಜೋರಾಗಿ ಹೇಳುತ್ತೇನೆ: ‘ಎಂಟು, ಸಾಹೇಬರೇ, ಮೂರಲ್ಲ.’ ಅಲ್ಲಿನ ಬರಹಗಾರರು ಈಗ ನನ್ನನ್ನು ಕಂಡ ಕೂಡಲೇ ತಾವೇ ‘ಎಂಟು’ ಎನ್ನುತ್ತಾರೆ.